ಎಡಗೈಯ ನಾದ

ಬೇಸ್ ಎಷ್ಟಿರಬೇಕು ಎಂಬುದಕ್ಕೆ ನನ್ನ ಅಳತೆಗೋಲು ಅಪ್ಪನ ಮೃದಂಗದ ಹಳೆಯ ಕ್ಯಾಸೆಟ್. ಪಾರ್ಶ್ವವಾಯುವಾದ ಮೇಲೆ ಅವರ ಎಡಗೈ ಏಳುತ್ತಿಲ್ಲ. ರವೆ ಮೆತ್ತಿದ ಎಡಭಾಗದ ಆ ಗುಮ್ಮೆನ್ನುವ ನಾದ ಈಗ ಕ್ಯಾಸೆಟ್ಟಿನಲ್ಲಷ್ಟೇ ಇದೆ.

ಸ್ಪೀಕರುಗಳನ್ನು ಮೂಲೆಗೆ ಒತ್ತಿಟ್ಟರೆ ಬಲಗೈಯ ಚಾಪು ಅದರಲ್ಲಿ ಮುಳುಗಿಹೋಗುತ್ತದೆ. ನನ್ನ ಬಾಡಿಗೆ ಕೋಣೆ 10 ಅಡಿ ಉದ್ದ. ಗೋಡೆಗಳ ನಡುವೆ 56 ಹರ್ಟ್ಸ್ ಆಸುಪಾಸಿನ ಸದ್ದು ತಾನಾಗಿ ಉಬ್ಬುತ್ತದೆ. ಸ್ಪೀಕರುಗಳನ್ನು ಎರಡಡಿ ಈಚೆ ಎಳೆದೆ, ಕುರ್ಚಿ ಸರಿಸಿದೆ. ಬೇಸ್ ಗುಂಡಿ ತಿರುಗಿಸಿದ್ದಕ್ಕಿಂತ ಅದೇ ಹೆಚ್ಚು ಕೆಲಸಕ್ಕೆ ಬಂತು.

ರಾತ್ರಿ ಕೆಳಮನೆಯ ಅಜ್ಜಿಗೆಂದು ಸದ್ದು ತಗ್ಗಿಸಿದರೆ ಮೊದಲು ಮಾಯವಾಗುವುದು ಎಡಗೈಯೇ. ಸದ್ದು ಇಳಿದಂತೆ ಕಿವಿಗೆ ಮಂದ್ರವೇ ಹೆಚ್ಚು ಕಳೆದುಹೋಗುತ್ತದೆಂದು ಫ್ಲೆಚರ್, ಮನ್ಸನ್ 1933ರಲ್ಲೇ ತೋರಿಸಿದ್ದರು. ಹಾಗಾಗಿ ಬೇಸ್ ತುಸು ಏರಿಸಿಕೊಳ್ಳುತ್ತೇನೆ.

ಕಳೆದ ವಾರ ಬಂದಿದ್ದ ಅಪ್ಪ ಕೇಳಿ, "ಇಷ್ಟು ಜೋರಾಗಿ ನಾನೆಂದೂ ನುಡಿಸಿಲ್ಲ ಕಣೋ" ಎಂದರು. ಇಳಿಸಿದೆ.

"ಹಾಂ, ಅಲ್ಲೇ ಬಿಡು."