ಉಳಿದ ಮೂವತ್ತಾರು ನಿಮಿಷ

ಆದಿತ್ಯನಗರದಲ್ಲಿ ವಾದಕ್ಕೆ ವಿಷಯದ ಬರವಿಲ್ಲ. ಸೇಡಂ ತಾಲ್ಲೂಕಿನ ಈ ಸಿಮೆಂಟು ಕಾಲೊನಿಯಲ್ಲಿ ಬಿಸಿಲು ಇಳಿಯುವವರೆಗೆ ಮನೆಯೊಳಗಿದ್ದು, ಇಳಿದ ಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ಕೂಡುವುದು ರೂಢಿ. ಕುರ್ಚಿ ಎರಡಾದರೆ ವಾದ ತಾನಾಗಿಯೇ ಹುಟ್ಟುತ್ತದೆ. ತೊಗರಿಯ ಬೆಲೆ, ರೈಲಿನ ವೇಳೆ, ಮಕ್ಕಳ ಅಂಕ ಇವೆಲ್ಲ ತೀರಿದ ಮೇಲೆ ಈ ಬೇಸಗೆಯಲ್ಲಿ ನಮಗೆ ಒದಗಿದ ವಿಷಯ ಬ್ಯಾಸ್ಕೆಟ್‌ಬಾಲು. ನಾನು ಕನ್ನಡದ ಅಧ್ಯಾಪಕ. ರಗಳೆಯಲ್ಲಿ ಮಾತ್ರೆ ಎಣಿಸಬಲ್ಲೆ. ಬ್ಯಾಸ್ಕೆಟ್‌ಬಾಲಿನಲ್ಲಿ ಹೆಜ್ಜೆ ಎಣಿಸುವುದನ್ನು ನನಗೆ ಕಲಿಸಿದವಳು ಪಿ.ಯು.ಸಿ. ಓದುತ್ತಿರುವ ಮಗಳು. ಕಲಿತದ್ದು ಅಷ್ಟೇ ಆದರೂ ವಾದಕ್ಕೆ ಅದು ಧಾರಾಳವಾಗಿ ಸಾಕು.

ಪ್ರಶ್ನೆ ಇದು: ತಾರೆ ಎನಿಸಿಕೊಂಡ ಆಟಗಾರನಿಗೂ ಅವನ ಪಕ್ಕದಲ್ಲಿ ನಿಂತು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡುವ ಆಟಗಾರನಿಗೂ ಇರುವ ಅಂತರವೇನು? ಎರಡನೆಯವನನ್ನು ರೋಲ್ ಪ್ಲೇಯರ್ ಎನ್ನುತ್ತಾರೆ. ಬಣ್ಣ ಹಚ್ಚಿಕೊಂಡಂತೆ ಕೇಳುವ ಆ ಮಾತು ನನಗೆ ರುಚಿಸಲಿಲ್ಲ. ನಮ್ಮ ಕಡೆಯ ಕಛೇರಿಗಳಲ್ಲಿ ತಬಲಾದವರೂ ಪೇಟಿಯವರೂ ಗಾಯಕರಿಗೆ ಸಾಥ್ ನೀಡುತ್ತಾರಲ್ಲವೆ? ಆದುದರಿಂದ ಅವನನ್ನು ‘ಸಾಥಿ’ ಎಂದು ಕರೆದೆ.

“ಅಂತರ ಏನ್ರೀ ಸರ, ಪಾಯಿಂಟ್ ಎಣಿಸ್ರಿ, ಮುಗೀತು. ಹೆಚ್ಚು ಹಾಕಿದಾಂವ ಸ್ಟಾರು, ಕಡಿಮಿ ಹಾಕಿದಾಂವ ನಿಮ್ಮ ಸಾಥಿ,” ಎಂದರು ಪಕ್ಕದ ಮನೆಯ ಎಂಜಿನಿಯರರು. ಅವರು ಕಾರ್ಖಾನೆಯಲ್ಲಿ ಮೀಟರುಗಳ ನಡುವೆ ಬದುಕುವವರು. ಮುಳ್ಳು ತೋರಿಸದ್ದನ್ನು ನಂಬುವವರಲ್ಲ.

ಲೆಕ್ಕಕ್ಕೆ ಲೆಕ್ಕವೇ ಉತ್ತರ. ಅಂತರರಾಷ್ಟ್ರೀಯ ನಿಯಮದಂತೆ ಆಟ ೪೦ ನಿಮಿಷ. ಅಂಗಳದಲ್ಲಿ ಹತ್ತು ಮಂದಿ, ಚೆಂಡು ಒಂದೇ. ಸಮನಾಗಿ ಹಂಚಿದರೆ ತಲೆಗೆ ನಾಲ್ಕು ನಿಮಿಷ. ಉಳಿದ ಮೂವತ್ತಾರು ನಿಮಿಷ ಆಟಗಾರ ಏನು ಮಾಡುತ್ತಿರುತ್ತಾನೆ? ಎದುರಾಳಿಯ ದಾರಿಗೆ ಅಡ್ಡಲಾಗಿ ಕಂಬದಂತೆ ನಿಂತು ತನ್ನವನನ್ನು ಬಿಡಿಸುತ್ತಾನೆ. ಇದಕ್ಕೆ ಸ್ಕ್ರೀನ್ ಎಂದು ಹೆಸರು, ಮೈಗೆ ಪೆಟ್ಟು ಬೀಳುವುದು ಇದರಲ್ಲಿಯೇ. ಗುರಿ ತಪ್ಪಿ ಮರಳಿದ ಚೆಂಡಿಗಾಗಿ ಜಾಗ ಹಿಡಿಯುತ್ತಾನೆ. ಬಾರದ ಪಾಸಿಗಾಗಿ ಓಡುತ್ತಾನೆ. ೨೦೧೭ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪಿನ ಬಿ ವಿಭಾಗದ ಕೊನೆಯ ಪಂದ್ಯದಲ್ಲಿ ನಮ್ಮ ಹುಡುಗಿಯರು ಕಜಾಕಸ್ತಾನವನ್ನು ೭೫–೭೩ರಿಂದ ಗೆದ್ದು ಎ ವಿಭಾಗಕ್ಕೆ ಏರಿದರು. ಗೆಲ್ಲಿಸಿದ ಆ ಎರಡು ಪಾಯಿಂಟು ಎಪ್ಪತ್ತೈದರಲ್ಲಿ ಯಾವುವು? ಯಾರು ಅಡ್ಡ ನಿಂತದ್ದರಿಂದ ಅವು ಬಂದವು? ಯಾವ ಮೀಟರೂ ಹೇಳಲಾರದು.

ಎಂಜಿನಿಯರರು ಸುಮ್ಮನಾಗುವವರಲ್ಲ. “ಹಂಗಾದ್ರ ಜೋರ್ಡನ್?” ಎಂದರು.

ಹೌದು, ಜೋರ್ಡನ್. ೧೯೮೬ರ ಏಪ್ರಿಲ್ ೨೦ರಂದು ಬಾಸ್ಟನ್ನಿನಲ್ಲಿ ಮೈಕೆಲ್ ಜೋರ್ಡನ್ ಒಬ್ಬನೇ ೬೩ ಪಾಯಿಂಟು ಹಾಕಿದ. ಆಟ ಎರಡು ಸಲ ಹೆಚ್ಚುವರಿ ಕಾಲಕ್ಕೆ ಹೋಯಿತು. ಅವನ ಶಿಕಾಗೋ ತಂಡ ೧೩೫–೧೩೧ರಿಂದ ಸೋತಿತು. ಸೋತರೂ ಅವನು ತಾರೆಯೆಂಬುದರಲ್ಲಿ ಅಂದು ಯಾರಿಗೂ ಸಂದೇಹ ಉಳಿಯಲಿಲ್ಲ. ಎದುರಿಗಿರುವ ಐವರಿಗೂ ಚೆಂಡು ಇವನ ಕೈಗೇ ಬರುತ್ತದೆಂದು ಗೊತ್ತು. ತಡೆಯುವ ಸಿದ್ಧತೆಯೂ ಆಗಿದೆ. ಆದರೂ ಇವನು ಇಲ್ಲದ ದಾರಿಯೊಂದನ್ನು ಮಾಡಿಕೊಂಡು ಹೋಗುತ್ತಾನೆ. ತಾರೆಯ ಲಕ್ಷಣ ಪಾಯಿಂಟಲ್ಲ, ಇದು.

ಹನ್ನೊಂದು ವರ್ಷದ ಮೇಲೆ, ೧೯೯೭ರ ಜೂನ್ ೧೩ರಂದು, ಅದೇ ಜೋರ್ಡನ್ ಯೂಟಾ ತಂಡದೆದುರು ಪ್ರಶಸ್ತಿಗಾಗಿ ಆಡುತ್ತಿದ್ದ. ಎರಡೂ ಕಡೆ ೮೬. ಉಳಿದಿದ್ದವು ಕೆಲವೇ ಸೆಕೆಂಡು. ಅವನನ್ನು ತಡೆಯಲು ಇಬ್ಬರು ಮುಗಿಬಿದ್ದರು. ಒಬ್ಬನಿಗೆ ಇಬ್ಬರು ಬಂದರೆಂದಮೇಲೆ ಇನ್ನೊಬ್ಬ ಬಿಡುವಾಗಿರಲೇಬೇಕಷ್ಟೆ. ಬಿಡುವಾಗಿದ್ದವನು ಸ್ಟೀವ್ ಕೆರ್. ಹೀಗಾದೀತೆಂದು ಜೋರ್ಡನ್ ವಿರಾಮದಲ್ಲಿಯೇ ಅವನಿಗೆ ಸೂಚಿಸಿದ್ದ. ಅಂದು ೩೯ ಪಾಯಿಂಟು ಹಾಕಿದ್ದ ತಾರೆ ಚೆಂಡನ್ನು ಕೊಟ್ಟ. ಸಾಥಿ ಬುಟ್ಟಿಗೆ ಹಾಕಿದ. ಶಿಕಾಗೋ ೯೦–೮೬ರಿಂದ ಗೆದ್ದಿತು.

“ಕೆರ್ ಇರ್ಲಿ ಬಿಡ್ರಿ,” ಎಂದು ಎಂಜಿನಿಯರರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ರಾಬರ್ಟ್ ಹಾರಿ ಅಂತ ಒಬ್ಬಾಂವ ಇದ್ದ. ಏಳು ಸಲ ಚಾಂಪಿಯನ್. ಜೋರ್ಡನ್ ಆರೇ ಸಲ. ಯಾರು ದೊಡ್ಡಾಂವ್ರಿ ಈಗ?”

ಬಲೆ ಚೆನ್ನಾಗಿಯೇ ಇತ್ತು. ಹಾರಿ ಮೂರು ತಂಡಗಳಲ್ಲಿ ಆಡಿ ಏಳು ಪ್ರಶಸ್ತಿ ಗೆದ್ದದ್ದು ನಿಜ. ತಾರೆಯರಿಗೆಂದೇ ನಡೆಯುವ ಆಲ್ ಸ್ಟಾರ್ ಪಂದ್ಯಕ್ಕೆ ಅವನು ಒಮ್ಮೆಯೂ ಆಯ್ಕೆಯಾಗಲಿಲ್ಲವೆಂಬುದೂ ನಿಜ. ಹ್ಯೂಸ್ಟನ್ನಿನಲ್ಲಿ ಅವನ ಪಕ್ಕದಲ್ಲಿ ಒಲಾಜುವಾನ್ ಇದ್ದ; ಲಾಸ್ ಏಂಜಲೀಸಿನಲ್ಲಿ ಓನೀಲ್ ಮತ್ತು ಬ್ರಯಂಟ್ ಇದ್ದರು; ಸ್ಯಾನ್ ಆಂಟೋನಿಯೊದಲ್ಲಿ ಡಂಕನ್ ಇದ್ದ. ಇದನ್ನೆಲ್ಲ ಹೇಳಿ, ತರಗತಿಯಲ್ಲಿ ಸೂತ್ರ ಬರೆಸುವ ಧಾಟಿಯಲ್ಲಿ ನಾನು ತೀರ್ಪು ಕೊಟ್ಟೆ: “ತಾರೆ ಹೋದರೆ ತಂಡ ತನ್ನ ಆಟವನ್ನೇ ಬದಲಿಸಬೇಕು. ಸಾಥಿ ಹೋದರೆ ಆಳನ್ನು ಬದಲಿಸಿದರೆ ಸಾಕು. ಅಂತರ ಇಷ್ಟೇ.”

ಸೂತ್ರ ನನಗೆ ಬಹಳ ಹಿಡಿಸಿತು. ಅಷ್ಟರಲ್ಲಿ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಮಗಳು ತಲೆಯೆತ್ತದೆ ಕೇಳಿದಳು: “ಹಂಗಾದ್ರ ನನ್ನ ಬದ್ಲಿಗೆ ಯಾರ್ ನಿಂತ್ರೂ ನಡೀತದಲ್ಲಪ್ಪಾ?”

ಆ ವಾರ ಅವಳ ತಂಡದ ತರಬೇತುದಾರರು ಪ್ರತಿಯೊಬ್ಬರ ಕೆಲಸವನ್ನು ಗೊತ್ತುಮಾಡಿದ್ದರು. ಇನ್ನೊಬ್ಬ ಹುಡುಗಿ ಗುರಿಯಿಟ್ಟು ಹಾಕುವವಳು. ನನ್ನ ಮಗಳ ಪಾಲಿಗೆ ಬಂದದ್ದು ಅಡ್ಡ ನಿಲ್ಲುವುದು, ಮರಳಿದ ಚೆಂಡು ಹಿಡಿಯುವುದು, ಹಿಡಿದ ಕೂಡಲೆ ಅವಳಿಗೆ ಕೊಡುವುದು. ಐದನೆಯ ತರಗತಿಯಿಂದ ಚೆಂಡನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ ಹುಡುಗಿ ಅವಳು.

ತಂದೆಯಾದವನ ನಾಲಿಗೆಗೆ ಇಂಥ ಹೊತ್ತಿನಲ್ಲಿ ಥಟ್ಟನೆ ಬರುವ ಮಾತೊಂದಿದೆ: ಪ್ರತಿಯೊಬ್ಬರೂ ಅವರವರ ಮಟ್ಟಿಗೆ ತಾರೆಯರೇ, ಮಗಳೇ! ಬಹುಮಾನ ವಿತರಣೆಯ ಸಭೆಗಳಲ್ಲಿ ಮುಖ್ಯ ಅತಿಥಿಗಳು ಇದನ್ನು ಹೇಳುತ್ತಾರೆ, ಬಹುಮಾನ ಬಾರದ ಮಕ್ಕಳು ಕೈ ನೋಡಿಕೊಳ್ಳುತ್ತಾರೆ. ನನ್ನಿಂದ ಅದಾಗಲಿಲ್ಲ. ಆ ಇನ್ನೊಬ್ಬ ಹುಡುಗಿ ಆಡುವುದನ್ನು ನಾನೂ ನೋಡಿದ್ದೆ. ಅವಳಲ್ಲಿ ಇರುವುದು ಇವಳಲ್ಲಿ ಇಲ್ಲ.

ನೆರವಿಗೆ ಬಂದವರು ಎಂಜಿನಿಯರರು. “ನೋಡವ್ವಾ,” ಎಂದು ಅವರು ಕಾರ್ಖಾನೆಯ ಕಡೆಗೆ ಕೈ ತೋರಿಸಿದರು. “ಅಲ್ಲಿ ಸುಣ್ಣದ ಕಲ್ಲು ಹದಿನಾಲ್ಕು ನೂರಾ ಐವತ್ತು ಡಿಗ್ರಿಯೊಳಗ ಬೆಂದು ಕ್ಲಿಂಕರ್ ಆಗ್ತದ. ಹೆಸರೆಲ್ಲಾ ಅದರದೇ. ಆದ್ರ ಅದನ್ನ ಅರಿಯುವಾಗ ನೂರಕ್ಕ ಮೂರೋ ಐದೋ ಪಾಲು ಜಿಪ್ಸಮ್ ಹಾಕ್ಲಿಲ್ಲಾ ಅಂದ್ರ, ಗೌಂಡಿ ನೀರು ಹಾಕಿ ಕಲಸೋದ್ರಾಗ ಸಿಮೆಂಟ್ ಗಟ್ಟಿ ಆಗಿಬಿಡ್ತದ. ಗ್ವಾಡಿಗೆ ಹಚ್ಚಾಕ ವ್ಯಾಳ್ಯಾನೇ ಸಿಗಂಗಿಲ್ಲ. ತಡದು ನಿಲ್ಲಸೋದು ಆ ಜಿಪ್ಸಮ್ಮು.”

ಅವರ ಬೆನ್ನಿಗೇ ನಾನೂ ಒಂದು ದೃಷ್ಟಾಂತ ಕೊಟ್ಟೆ. ೧೯೮೩ರ ಜೂನ್ ೧೮ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಕಪಿಲ್ ದೇವ್ ಹೊಡೆದ ೧೭೫ನ್ನು ದೇಶವೆಲ್ಲ ಬಲ್ಲದು. ಆದರೆ ೧೪೦ಕ್ಕೆ ಎಂಟು ವಿಕೆಟ್ ಬಿದ್ದಿದ್ದಾಗ ಎದುರು ತುದಿಗೆ ಬಂದವರು ನಮ್ಮ ಕರ್ನಾಟಕದ ಕಿರ್ಮಾನಿ. ಮುರಿಯದ ಆ ಜೊತೆಯಾಟದಲ್ಲಿ ೧೨೬ ಓಟಗಳು ಬಂದವು. ಕಿರ್ಮಾನಿಯವರ ಪಾಲು ಔಟಾಗದೆ ೨೪. ಕ್ರಿಕೆಟ್ಟಿನಲ್ಲಿ ಎದುರು ತುದಿ ಬರಿದಾದರೆ ತಾರೆಯ ಆಟವೂ ಅಲ್ಲಿಗೇ ಮುಗಿಯುತ್ತದೆ.

ಮಗಳು ಎರಡನ್ನೂ ಕೇಳಿದಳು. ಬಳಿಕ ಹೇಳಿದಳು: “ಜಿಪ್ಸಮ್ಮಿಗೆ ತಾನು ಜಿಪ್ಸಮ್ ಅಂತ ಗೊತ್ತಿಲ್ಲ ಅಂಕಲ್. ನನಗ ಗೊತ್ತದ.”

ಇಬ್ಬರು ಹಿರಿಯರ ಬಳಿಯೂ ಇದಕ್ಕೆ ಉತ್ತರವಿರಲಿಲ್ಲ. ಎಂಜಿನಿಯರರು ರಾತ್ರಿ ಪಾಳಿಯ ನೆವ ಹೇಳಿ ಎದ್ದರು.

ಆ ಮಾತು ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಇಲ್ಲಿಗೆ ಹತ್ತಿರದಲ್ಲಿಯೇ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಬರೆದವನು ಶ್ರೀವಿಜಯನೆಂದು ವಿದ್ವಾಂಸರು ಒಪ್ಪಿದ ಮೇಲೂ ಬಹುಜನರ ಬಾಯಲ್ಲಿ ಅದು ನೃಪತುಂಗನದೇ. ತಾರೆಯ ಬೆಳಕು ಹಾಗೆ. ಪಕ್ಕದಲ್ಲಿದ್ದವನ ಕೆಲಸವೂ ಅದರ ಲೆಕ್ಕಕ್ಕೇ ಜಮೆಯಾಗುತ್ತದೆ. ನಾನು ಆ ಗ್ರಂಥವನ್ನು ಬರೆದವನೂ ಅಲ್ಲ, ಬರೆಯಿಸಿದವನೂ ಅಲ್ಲ. ಪರೀಕ್ಷೆಗೆಂದು ಓದುವ ಮಕ್ಕಳಿಗೆ ಅದನ್ನು ಪಾಠ ಹೇಳುವವನು. ನಲವತ್ತು ದಾಟಿದ ಮೇಲೆ ಇದು ಮನುಷ್ಯನಿಗೆ ಗೊತ್ತಾಗುತ್ತದೆ, ಗೊತ್ತಾದರೂ ಮರುದಿನ ಹಾಜರಿ ಪುಸ್ತಕ ಹಿಡಿದು ತರಗತಿಗೆ ನಡೆಯುತ್ತಾನೆ. ನನ್ನ ಮಗಳಿಗೆ ಅದು ಹದಿನಾರಕ್ಕೇ ಗೊತ್ತಾಗಿದೆ. ತಾರೆಗೆ ಬೇಕಾದದ್ದು ಹುಟ್ಟಿನಿಂದ ಬಂದು, ದುಡಿಮೆಯಿಂದ ಹರಿತವಾಗುತ್ತದೆ. ಸಾಥಿಗೆ ದುಡಿಮೆಯ ಜೊತೆಗೆ ಇನ್ನೊಂದು ಬೇಕು: ಹಾಕಬೇಕೆಂಬ ಆಸೆ ಕೈಯಲ್ಲಿರುವಾಗಲೇ ಚೆಂಡನ್ನು ಕೊಟ್ಟುಬಿಡುವ ಒಪ್ಪಿಗೆ. ಒಪ್ಪಿಗೆಯನ್ನು ಹೊರಗಿನಿಂದ ಯಾರೂ ತುಂಬಲಾರರು, ತಂದೆಯೂ ತುಂಬಲಾರ. ಆಳನ್ನು ಬದಲಿಸಿದರೆ ಸಾಕೆಂದೆನಲ್ಲ, ಆ ಸೂತ್ರ ಇನ್ನೂ ಸರಿಯೇ. ಆದರೆ ಗೊತ್ತಿದ್ದೂ ಗಟ್ಟಿಯಾಗಿ ನಿಲ್ಲುವ ಆಳು ಸಂತೆಯಲ್ಲಿ ಸಿಕ್ಕುವುದಿಲ್ಲ.

ಇದನ್ನು ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಎರಡು ದಿನ ಮೈದಾನಕ್ಕೆ ಹೋಗದೆ ಮನೆಯಲ್ಲಿ ಕೂತಳು. ಮೂರನೆಯ ದಿನ ಹೋದಳು. ಅಂಗಳದ ಎಡ ಮೂಲೆಯಲ್ಲಿ ಒಂದೇ ಜಾಗದಿಂದ ನೂರು ಸಲ ಹಾಕುತ್ತಿದ್ದಾಳೆಂದು ತಮ್ಮ ಬಂದು ವರದಿ ಮಾಡಿದ. ಏಕೆಂದು ವಿಚಾರಿಸಿದ್ದಕ್ಕೆ, “ಆಕಿ ಮ್ಯಾಲೆ ಇಬ್ರು ಬಿದ್ರ ನಾ ಖಾಲಿ ಇರ್ತೀನಿ,” ಎಂದಳಂತೆ.

ಕಳೆದ ಭಾನುವಾರ ಪಂದ್ಯವಿತ್ತು. ಚೆಂಡಿನ ಹಿಂದೆ ಓಡುವುದು ಕಣ್ಣಿನ ಸ್ವಭಾವ. ಅದನ್ನು ಹಿಡಿದು ಒಬ್ಬಳ ಮೇಲೆಯೇ ನಿಲ್ಲಿಸುವುದು ಎಷ್ಟು ಕಷ್ಟವೆಂಬುದು, ಓದುಗರೇ, ನೀವೂ ಒಮ್ಮೆ ಮಾಡಿ ನೋಡಿದರೆ ತಿಳಿದೀತು. ಅವಳು ನಿಂತಳು, ಸರಿದಳು, ಪೆಟ್ಟು ತಿಂದಳು, ಎದ್ದಳು, ಬಾರದ ಚೆಂಡಿಗೆ ಕೈ ಚಾಚಿದಳು. ನಾಲ್ಕೂ ಪಾಳಿ ನಾನು ನೋಡಿದ್ದು ಇಷ್ಟನ್ನೇ. ಗೆದ್ದವರು ಯಾರೆಂದು ಕಡೆಗೆ ಎಂಜಿನಿಯರರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.