ಗುಜರಿಯಲ್ಲಿ ಗಣಿತ

ಹಳೆಯದೆಲ್ಲ ಬೆಲೆಬಾಳುವುದಿಲ್ಲ; ಹೊಸದೆಲ್ಲ ಬಹುಕಾಲ ಬಾಳುವುದೂ ಇಲ್ಲ. ಈ ಮಾತು ನಮಗೆ ಮನದಟ್ಟಾದದ್ದು ಗ್ರಂಥಗಳಿಂದಲ್ಲ, ಗುಜರಿ ಅಂಗಡಿಗಳಿಂದ.

ಹಳೆಯ ಯೆಜ್ಡಿ ಮೋಟಾರು ಸೈಕಲ್ಲೊಂದನ್ನು ಓಟದ ಸ್ಪರ್ಧೆಗೆ ಅಣಿಗೊಳಿಸಬೇಕೆಂಬುದು ನಮ್ಮ ತಮ್ಮನ ಹಂಬಲ. ಹೊಸೂರಿನಲ್ಲಿ ದುಡಿದು ಅವನು ಕೂಡಿಟ್ಟ ಹಣ ಸ್ವಲ್ಪ, ಆಸೆ ದೊಡ್ಡದು. ನಮ್ಮ ಜವಳಗಿರಿಯಲ್ಲಿ ಅದರ ಬಿಡಿಭಾಗಗಳು ದೊರೆಯುವುದಿಲ್ಲ. ಆದುದರಿಂದ ರಜೆ ಬಂದಾಗಲೆಲ್ಲ ನಾವೂ ಅವನೊಡನೆ ಹೊಸೂರಿಗೂ ಅಲ್ಲಿಂದ ಬೆಂಗಳೂರಿನ ಜೆ.ಸಿ. ರಸ್ತೆಗೂ ಅಲೆದೆವು.

ಈ ಯಂತ್ರದ ವಂಶ ದೊಡ್ಡದು. 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಜಾವಾ, 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ ನಮ್ಮದಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಪಡೆಯಿತು. ಮದರಾಸಿನ ಬಳಿಯ ಶೋಲಾವರದ ಹಳೆಯ ವಿಮಾನಪಥದಲ್ಲಿ ನಡೆಯುತ್ತಿದ್ದ ಓಟಗಳಲ್ಲಿ ಇವುಗಳ ಸದ್ದು ಕೇಳಿದವರು ಈಗಲೂ ಅದನ್ನು ಮರೆತಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಮರಳಿ ಬಂದುವು. ಆದರೆ ಹೊಸವು ನಾಲ್ಕು ಸ್ಟ್ರೋಕಿನ ಎಂಜಿನ್ನಿನವು. ಅವುಗಳ ಎಂಜಿನ್ ಭಾಗಗಳು ಹಳೆಯ ಎರಡು ಸ್ಟ್ರೋಕಿನದಕ್ಕೆ ಒಪ್ಪುವುದಿಲ್ಲ. ಗುಜರಿಯೇ ಗತಿ.

ಗುಜರಿಯಲ್ಲಿ ಕಣ್ಣನ್ನು ನಂಬಬಾರದು. ಅಂಗಡಿಯವರೊಬ್ಬರು ಎಣ್ಣೆ ಸವರಿ ಮಿರುಗಿಸಿದ ಸರಪಳಿಯೊಂದನ್ನು ತೋರಿಸಿ, “ಇನ್ನೂ ಹತ್ತು ವರ್ಷ ಬರುತ್ತೆ, ಸಾರ್” ಎಂದರು. ಕೊಂಡಿಯಿಂದ ಕೊಂಡಿಗೆ 12.7 ಮಿಲಿಮೀಟರಿನ ಸರಪಳಿ ಅದು. ಇಪ್ಪತ್ತು ಕೊಂಡಿಗಳ ಉದ್ದ 254 ಇರಬೇಕು. ಬಿಗಿಯಾಗಿ ಹಿಡಿದು ಅಳೆದರೆ 260 ಬಂದಿತು. ಸವೆದ ಸರಪಳಿ ಹಲ್ಲುಗಾಲಿಯನ್ನೂ ತಿನ್ನುತ್ತದೆ. ವೇಗದಲ್ಲಿ ಹರಿದರೆ ಹಿಂಗಾಲಿಯನ್ನೇ ಬಿಗಿದು ಸವಾರನನ್ನು ಕೆಡವಬಹುದು.

ಸಿಲಿಂಡರಿನದೂ ಇದೇ ಲೆಕ್ಕ. ಅದರ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ ಸಂಚಾರ 75. ಗಾತ್ರ ಸುಮಾರು 249 ಘನ ಸೆಂಟಿಮೀಟರು. ಸವೆದುದನ್ನು ಕೊರೆಸಿ ವ್ಯಾಸವನ್ನು 66ಕ್ಕೆ ಏರಿಸಿದರೆ ಗಾತ್ರ ಸುಮಾರು 257 ಆಗುತ್ತದೆ. ಆದುದರಿಂದ ಕೊರೆಸುವ ಮೊದಲು ಸ್ಪರ್ಧೆಯ ನಿಯಮಗಳನ್ನು ಓದಬೇಕು. ಎರಕದ ಭಾಗಗಳಲ್ಲಿ ಬಿರುಕನ್ನು ಹುಡುಕಲು ಹಳೆಯ ಮೇಸ್ತ್ರಿಗಳದೊಂದು ಉಪಾಯವುಂಟು: ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುವುದು. ಬಿರುಕಿದ್ದಲ್ಲಿ ಎಣ್ಣೆ ಜಿನುಗಿ ಬಿಳುಪಿನ ಮೇಲೆ ಗೆರೆ ಮೂಡುತ್ತದೆ. ನಮ್ಮ ಕೈಯ ಸೀಮೆಸುಣ್ಣಕ್ಕೆ ಇಂಥ ವಿದ್ಯೆಯೂ ಇದೆಯೆಂದು ಅಂದು ತಿಳಿಯಿತು.

ಕೊನೆಯಲ್ಲಿ ಹಣದ ಪ್ರಶ್ನೆ ಬಂದಿತು. ಉಳಿದುದರಲ್ಲಿ ಒಂದು ದೊಡ್ಡ ಕಾರ್ಬುರೇಟರನ್ನು ಕೊಳ್ಳಬಹುದಿತ್ತು. ಇಲ್ಲವೆ ಹೊಸ ಬ್ರೇಕ್ ಶೂ, ಹೊಸ ಸರಪಳಿ, ಎಂಜಿನ್ನಿನ ಹೊಸ ಸೀಲುಗಳನ್ನು.

“ಅಣ್ಣಾ, ಓಟ ಗೆಲ್ಲೋದು ವೇಗದಿಂದ ಅಲ್ವಾ?” ಎಂದ ತಮ್ಮ.

“ಗೆಲ್ಲೋದು ಆಮೇಲೆ. ತಿರುವಿನಲ್ಲಿ ನಿಧಾನ ಮಾಡೋಕೆ ಆಗದಿದ್ದರೆ ಮನೆಗೆ ಹೇಗೆ ಬರ್ತೀಯಪ್ಪಾ?” ಎಂದೆವು.

ಎರಡು ದಿನ ಅವನು ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಸೀಲುಗಳನ್ನು ತಂದು ಮೇಜಿನ ಮೇಲಿಟ್ಟ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇಂಧನದ ಮಿಶ್ರಣ ಮೊದಲು ಕ್ರಾಂಕ್ ಪೆಟ್ಟಿಗೆಯೊಳಗೇ ಒತ್ತಲ್ಪಡುವುದು. ಸೀಲು ಸೋರಿ ಹೊರಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವುದುಂಟು. ಕಣ್ಣಿಗೆ ಬೀಳದ ಆ ರಬ್ಬರಿನ ಬಳೆಯೇ ಯಂತ್ರದ ಪ್ರಾಣವನ್ನು ಕಾಯುತ್ತದೆ. ಚೌಕಟ್ಟು, ಗಾಲಿಯ ಹಬ್ಬು, ಎಂಜಿನ್ ಪೆಟ್ಟಿಗೆ ಇವು ಪರೀಕ್ಷಿಸಿದ ಹಳೆಯವಾದರೂ ಸರಿ, ಜೊತೆಗೆ ದಾಖಲೆ ಪತ್ರವೂ ರಸೀದಿಯೂ ಇರಬೇಕು. ಜೀವ ಕಾಯುವ ಭಾಗಗಳು ಮಾತ್ರ ಹೊಸವೇ ಆಗಬೇಕು.

ಯಂತ್ರ ಇನ್ನೂ ಪೂರ್ಣವಾಗಿಲ್ಲ. ಆದರೆ ತಮ್ಮ ಈಗ ಅಳತೆಪಟ್ಟಿಯಿಲ್ಲದೆ ಅಂಗಡಿಗೆ ಹೋಗುವುದಿಲ್ಲ. ನಮ್ಮ ಸಹೋದ್ಯೋಗಿ ಮಿತ್ರರಲ್ಲಿ ಒಂದು ಬಿನ್ನಹ: ಸಾಮಾನ್ಯ ಸೈಕಲ್ಲಿನ ಸರಪಳಿಯ ಕೊಂಡಿಗಳ ಅಂತರವೂ 12.7 ಮಿಲಿಮೀಟರೇ. ಊರಿನ ಸೈಕಲ್ ಅಂಗಡಿಯಿಂದ ಸವೆದುದೊಂದನ್ನು ಬೇಡಿ ತಂದು ಮಕ್ಕಳ ಕೈಗೆ ಕೊಡಿರಿ. ಇಪ್ಪತ್ತು ಕೊಂಡಿಗಳನ್ನು ಅವರೇ ಅಳೆಯಲಿ. ದಶಮಾಂಶದ ಪಾಠ ಅಂದು ಬೇಗ ಮುಗಿಯುವುದು.