ಹೊಗೆಯೋ, ಆವಿಯೋ?

ಜೂಜನ್ನು ಮೆಚ್ಚಿದವನು ನಾನಲ್ಲ. ಆದರೂ ೨೦೦೩ರಲ್ಲಿ ಅಮೆರಿಕೆಯ ಲಾಸ್ ವೇಗಾಸಿನಲ್ಲಿ ನಡೆದ ಪೋಕರ್ ಪಂದ್ಯದ ಕಡೆಯಾಟವು ನನ್ನ ಹಳೆಯ ತರ್ಕಪಾಠವನ್ನು ಕೆಣಕಿತು. ಮನಿಮೇಕರನು ಎಲೆ ತೋರದೆ ತನ್ನ ಪಣವನ್ನೆಲ್ಲ ಮುಂದೆ ನೂಕಿದನು. ಎದುರಾಳಿ ಸ್ಯಾಮಿ ಫರ್ಹಾ ಸಮಪಣವಿಟ್ಟು ನೋಡಬೇಕು, ಇಲ್ಲವೇ ಕೈಬಿಡಬೇಕು. ಆತನಲ್ಲಿ ಒಂಬತ್ತರ ಜೋಡಿಯಿತ್ತು. ಎದುರಿನವನಿಗೆ ಬೇಕಾದ ಎಲೆ ಬಂದಿಲ್ಲವೆಂದು ಸರಿಯಾಗಿಯೇ ಶಂಕಿಸಿದನು, ಆದರೂ ಕೈಬಿಟ್ಟನು. ಮನಿಮೇಕರನಲ್ಲಿ ಒಂದು ಜೋಡಿಯೂ ಇರಲಿಲ್ಲ!

ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಪಾಠಶಾಲೆಯಲ್ಲಿ ಉರುಹಚ್ಚಿದ್ದೆವು. ಆವಿಯನ್ನು ಹೊಗೆಯೆಂದು ಭ್ರಮಿಸಬೇಡಿರೆಂದು ಗುರುಗಳು ಎಚ್ಚರಿಸುತ್ತಿದ್ದರು. ಆವಿ, ಪಾಪ, ಯಾರನ್ನೂ ವಂಚಿಸಲೆಳಸದು. ಇಲ್ಲಿಯಾದರೋ ಎದುರು ಕುಳಿತವನೇ ಹೊಗೆಯೆಬ್ಬಿಸುವವನು. ಪರ್ವತವನ್ನಾದರೆ ಏರಿ ನೋಡಬಹುದು; ಫರ್ಹಾನಿಗೆ ನೋಟಕ್ಕೇ ಅಪಾರವಾದ ಬೆಲೆಯಿತ್ತು. ಆತನನ್ನು ಹಳಿಯಲು ನನಗೆ ಮನಸ್ಸಾಗದು. ಪಂದ್ಯವನ್ನೂ ೨೫ ಲಕ್ಷ ಡಾಲರುಗಳನ್ನೂ ಮನಿಮೇಕರನೇ ಗೆದ್ದನು.